‘ಮೊದಲು’ ಅಂದರೆ ನನ್ನ ತಲೆ

ಮೊನ್ನೆ ಭಾನುವಾರ ನಮ್ಮ ಮನೆಯವರು ನನ್ನ ತಲೆಗೆ ಹಚ್ಚಬೇಕಾಗಿದ್ದ ಮದ್ದನ್ನು ರೊಟ್ಟಿಗೆ ನೆಂಚಿಕೊಂಡು ತಿಂದುಬಿಟ್ಟರು.

ತಪ್ಪು ಅವರದಲ್ಲ. ಫ್ರಿಜ್ಜಿನಲ್ಲಿ ಸ್ಟೀಲ್ ಡಬ್ಬಿ, ಡಬ್ಬಿಯಲ್ಲಿ ನೆನೆಸಿ ರುಬ್ಬಿದ ಮೆಂತ್ಯ, ಹುಳಿ ಮೊಸರು, ಒಂದು ಹಿಡಿ ಕರಿಬೇವು. ಹಸಿದ ಮನುಷ್ಯ ಅದನ್ನು ಗೊಜ್ಜು ಅಂತಲ್ಲದೆ ಇನ್ನೇನು ಅಂತ ತಿಳಿಯಬೇಕು? ನಮ್ಮ ಶಾಲೆಯ ಹಿಂದಿ ಟೀಚರ್ ನನ್ನ ಕೂದಲ ಮೇಲೆ ಕರುಣೆ ಇಟ್ಟು ಮಾಡಿಕೊಟ್ಟಿದ್ದು; ಬೇಡ ಅನ್ನಲಾರದೆ ತಂದಿಟ್ಟಿದ್ದೆ. ನಾನು ಅಡುಗೆಮನೆಗೆ ಬರುವಷ್ಟರಲ್ಲಿ ಡಬ್ಬಿ ಅರ್ಧ ಖಾಲಿ.

"ಗೊಜ್ಜು ಚೆನ್ನಾಗದೆ ಕಣೆ. ಉಪ್ಪು ಒಂಚೂರು ಕಮ್ಮಿ" ಅಂದರು.

ನಾನು ಮಾತಾಡದೆ ಉಪ್ಪಿನ ಡಬ್ಬಿ ಮುಂದೆ ತಳ್ಳಿದೆ. ಈ ತಲೆಗೆ ಬಂದ ನೂರೆಂಟು ಮದ್ದುಗಳಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೊಂದೇ.

ನನ್ನ ಕೂದಲು ಒಣಕಲು. ಇದೇನು ಗುಟ್ಟಲ್ಲ. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿಗೆ ಕೂತವರಿಗೆಲ್ಲ ಗೊತ್ತಿರುವ ವಿಷಯ. ಬಾಚಿದರೆ ಚಟಪಟ ಅನ್ನುತ್ತದೆ, ಜಡೆ ಹೆಣೆದರೆ ತುದಿ ಪೊರಕೆಯಾಗುತ್ತದೆ, ಮಲ್ಲಿಗೆ ಮುಡಿದರೆ ಹೂವೇ ಸಿಕ್ಕಿಕೊಂಡು ಸಾಯುತ್ತದೆ. ಅದರ ಪಾಡಿಗೆ ಅದು, ನನ್ನ ಪಾಡಿಗೆ ನಾನು, ಇಷ್ಟು ವರ್ಷ ಹೊಂದಿಕೊಂಡು ಬಂದಿದ್ದೇವೆ. ಹೊಂದಿಕೊಳ್ಳಲಾಗದವರು ಊರಿನವರು. ಮಂಡಿನೋವು ಅಂದರೆ ಜನ ‘ಡಾಕ್ಟರಿಗೆ ತೋರಿಸಿ’ ಅಂತಾರೆ. ಒಣಕೂದಲು ಕಂಡರೆ ಪ್ರತಿಯೊಬ್ಬರೂ ಡಾಕ್ಟರಾಗುತ್ತಾರೆ. ಒಮ್ಮೆ ಕಂಡಕ್ಟರು ಚಿಲ್ಲರೆ ಕೊಡುತ್ತ, "ಮೇಡಂ, ತಪ್ಪು ತಿಳ್ಕಬ್ಯಾಡಿ, ರಾತ್ರೆ ಅರಳೆಣ್ಣೆ ಆಕ್ಕಂಡು ಮನೀಕಳಿ" ಅಂದ. ತಪ್ಪು ತಿಳಿಯಲಿಲ್ಲ. ಅವನ ತಲೆಯನ್ನೊಮ್ಮೆ ನೋಡಿದೆ. ಬಟ್ಟಬೋಳು.

ಅರಳೆಣ್ಣೆಯ ಸಂಗತಿ ನನಗೆ ಹೇಳಿಕೊಡಬೇಕೆ? ಸತ್ತೇಗಾಲದ ನಮ್ಮ ಮನೆಯ ಹಿತ್ತಲಲ್ಲಿ ಅವ್ವ ನನ್ನನ್ನೂ ತಂಗಿ ಗೌರಿಯನ್ನೂ ಪ್ರತಿ ಭಾನುವಾರ ಒಂದೇ ಮಣೆಯ ಮೇಲೆ ಕೂರಿಸಿ, ಒಂದೇ ಬಟ್ಟಲಿನ ಎಣ್ಣೆಯನ್ನು ನಮ್ಮಿಬ್ಬರ ತಲೆಗೂ ತಟ್ಟುತ್ತಿದ್ದಳು. ಎಣ್ಣೆ ಹಣೆಯಿಂದ ಕಣ್ಣಿಗೆ, ಕಣ್ಣಿಂದ ಬಾಯಿಗೆ. ಮೇಲೆ ಸೀಗೆಪುಡಿ. ಅದು ಕಣ್ಣಿಗೆ ಬಿದ್ದರೆ ನಾನು ಕಿರುಚುತ್ತಿದ್ದೆ, ಗೌರಿ ನಗುತ್ತಿದ್ದಳು. ಒಂದೇ ಎಣ್ಣೆ, ಒಂದೇ ಸೀಗೆ, ಅದೇ ಕಾವೇರಿ ನೀರು, ಅದೇ ಅವ್ವನ ಕೈ. ಗೌರಿಯ ಕೂದಲು ಸೊಂಟದ ತನಕ ರೇಷ್ಮೆ ಸುರಿದ ಹಾಗೆ ಇಳಿಯಿತು. ನನ್ನದು ಭುಜದ ಹತ್ತಿರ ಬಂದು, ಮುಂದಕ್ಕೆ ಹೋಗಲೋ ಬೇಡವೋ ಅಂತ ಯೋಚನೆ ಮಾಡುತ್ತ ನಿಂತಿತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಇದಕ್ಕಿಂತ ಅಚ್ಚುಕಟ್ಟಾದ ಪ್ರಯೋಗವನ್ನು ನನ್ನ ಸರ್ವೀಸಿನಲ್ಲಿ ಯಾವ ಮಕ್ಕಳಿಂದಲೂ ಮಾಡಿಸಿಲ್ಲ. ಅವ್ವ ಅದರ ಫಲಿತಾಂಶವನ್ನು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದಳು: "ಇವ್ಳು ಅವರಪ್ಪನ ಕಡೆ ಕಣವ್ವ. ತೆಂಗಿನ ನಾರು."

ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದೆ, ಬೋರಿನ ಗಡಸು ನೀರು ತಲೆಗೆ ಬಿತ್ತು, ನಾರು ತಂತಿಯಾಯಿತು, ನನಗೂ ಆಸೆ ಹುಟ್ಟಿತು. ಯಾರೋ ಮೊಟ್ಟೆ ಅಂದರು. ನಮ್ಮದು ಮೊಟ್ಟೆ ಹೊಸ್ತಿಲು ದಾಟದ ಮನೆ. ಅತ್ತೆ ಮಠಕ್ಕೆ ಹೋದ ದಿನ ನೋಡಿಕೊಂಡು, ವ್ಯಾನಿಟಿ ಬ್ಯಾಗಿನಲ್ಲಿ ಕದ್ದು ತಂದು ಹಚ್ಚಿಕೊಂಡೆ. ಆಮೇಲೆ ಅಭ್ಯಾಸಬಲದಿಂದ ಕುದಿಯುವಂಥ ಬಿಸಿನೀರು ಹುಯ್ದುಕೊಂಡೆ. ಶಾಖ ತಾಗಿದರೆ ಮೊಟ್ಟೆ ಗಟ್ಟಿಯಾಗುತ್ತದೆ ಅಂತ ಪಾಠ ಮಾಡುವವಳು ನಾನೇ! ತಲೆಯಲ್ಲಿ ಪಲ್ಯ ತಯಾರಾಯಿತು. ಅತ್ತೆ ಬಂದು ಬಾಗಿಲಲ್ಲೇ ನಿಂತು ಮೂಗರಳಿಸಿ, "ಪಕ್ಕದ ಮನೇಲಿ ಏನೋ ಮಾಡವ್ರೆ" ಅಂದರು. ನಾನು ಹೂಂ ಅಂದೆ.

ಬಾಳೆಹಣ್ಣಿನ ಕತೆ ಇನ್ನೂ ಕೆಟ್ಟದ್ದು. ಕಿವುಚಿ ಮೆತ್ತಿಕೊಂಡೆ. ತೊಳೆದರೆ ಹೋಗಲಿಲ್ಲ, ಒಣಗಿದರೆ ಬಿಡಲಿಲ್ಲ. ಸೋಮವಾರ ಕಪ್ಪುಹಲಗೆಯ ಕಡೆ ತಿರುಗಿ ಬರೆಯುತ್ತಿದ್ದಾಗ ಮುಂದಿನ ಬೆಂಚಿನ ಹುಡುಗಿ, "ಮಿಸ್, ನಿಮ್ಮ ತಲೆಯಿಂದ ಏನೋ ಬೀಳ್ತಾ ಅದೆ" ಅಂದಳು. ಜೇನುತುಪ್ಪದ ಬಗ್ಗೆ ಬರೆಯಲಾರೆ. ದಿಂಬಿನ ತುಂಬ ಇರುವೆ ಬಂದಿದ್ದವು ಅಂದರೆ ಸಾಕು.

ಈ ಎಲ್ಲ ಮದ್ದುಗಳಿಗೂ ಒಂದೇ ಬಿರುದು: ನ್ಯಾಚುರಲ್. ಈ ಮಾತು ಕೇಳಿದರೆ ನನಗೆ ಮೈಯುರಿಯುತ್ತದೆ. ಉಮ್ಮತ್ತಿ ಕಾಯಿಯೂ ನ್ಯಾಚುರಲ್ಲೇ. ತುರಚಿ ಸೊಪ್ಪೂ ನ್ಯಾಚುರಲ್ಲೇ. ಹಾಗೆ ನೋಡಿದರೆ ನನ್ನ ಒಣಕೂದಲಿನಷ್ಟು ನ್ಯಾಚುರಲ್ಲಾದದ್ದು ಈ ತಾಲ್ಲೂಕಿನಲ್ಲಿ ಇನ್ನೊಂದಿಲ್ಲ; ಅದನ್ನು ಮಾತ್ರ ಯಾರೂ ಅದರ ಪಾಡಿಗೆ ಬಿಡುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಗೌರಿಯ ವಿಷಯಕ್ಕೆ ಬರಲಿಕ್ಕೆ. ಗೌರಿಯನ್ನು ಯಳಂದೂರಿಗೆ ಕೊಟ್ಟಿದೆ. ಗಂಡ ಕುಂತೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಕಬ್ಬು ಅರೆಯುವ ಕಾಲದಲ್ಲಿ ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಮಗಳು ಕಾಲೇಜಿಗೆ ಹೋಗುತ್ತಾಳೆ. ಗೌರಿ ಹೋದ ವರ್ಷ ಫೋನಿನಲ್ಲಿ ವಿಡಿಯೋ ಮಾಡಿ ಹಾಕಲು ಶುರು ಮಾಡಿದಳು. ಮೊದಲು ಅಡುಗೆ. ಯಾರೂ ನೋಡಲಿಲ್ಲ. ಆಮೇಲೆ ಅದೇ ಪದಾರ್ಥಗಳನ್ನು ತಲೆಗೆ ಹಚ್ಚಲು ಹೇಳಿದಳು. ಜನ ಮುಗಿಬಿದ್ದರು.

ದೀಪಾವಳಿಗೆ ನಮ್ಮ ಮನೆಗೆ ಬಂದವಳು, ನಾನು ತಲೆಗೆ ನೀರು ಹಾಕಿಕೊಂಡು ಬಂದದ್ದೇ ತಡ, ತಾರಸಿಗೆ ಎಳೆದುಕೊಂಡು ಹೋದಳು. "ಬಾಚ್ಕಬ್ಯಾಡ ಅಕ್ಕ, ಇಂಗೇ ಇರ್ಲಿ. ನಿನ್ ತಲೆ ಒಂಚೂರು ತೋರುಸ್ತೀನಿ, ಅಷ್ಟೇಯ. ನಗಬ್ಯಾಡ. ಮುಖ ಸಪ್ಪುಗಿಟ್ಕ."

"ಹಬ್ಬದ ದಿವಸ ಸಪ್ಪಗ್ಯಾಕೆ ಇರ್ಲೇ?"

"ಸುಮ್ನೆ ಇರು ಅಂದೆ."

ಇದ್ದೆ. ಹೋಗುವಾಗ ನನ್ನ ನೀಲಿ ರೇಷ್ಮೆ ಸೀರೆಯನ್ನು, ಮಗಳಿಗೆ ಒಂದು ದಿನಕ್ಕೆ ಬೇಕು ಅಂತ ಇಸಿದುಕೊಂಡು ಹೋದಳು. ನಾನು ಎರಡನ್ನೂ ಮರೆತೆ.

ಒಂದು ಬೆಳಗ್ಗೆ ಹನೂರಿನ ಬಸ್ಸಿನಲ್ಲಿ ಹೂವಿನ ಬುಟ್ಟಿಯ ಹೆಂಗಸೊಬ್ಬಳು ನನ್ನ ಪಕ್ಕ ಕೂತು ಮುಖವನ್ನೇ ನೋಡಿ, "ಅಕ್ಕಾ, ನೀವು ಆ ವಿಡಿಯೋದವ್ರಲ್ವಾ? ಎಂಗಿದ್ದ ತಲೆ ಎಂಗ್ ಮಾಡ್ಕಂಡ್ರಿ!" ಅಂದಳು. ಹಾಗನ್ನುತ್ತಲೇ ಅವಳ ಕಣ್ಣು ನನ್ನ ತಲೆಗೆ ಹೋಯಿತು. ದನಿ ಇಳಿಸಿ, ಸಾವಿನ ಮನೆಯಲ್ಲಿ ಕೇಳುವಂತೆ ಕೇಳಿದಳು: "ಮಧ್ಯದಲ್ಲಿ ಬುಟ್ಬುಟ್ರಾ?"

ಅವಳ ಫೋನಿನಲ್ಲೇ ನೋಡಿದೆ. ‘ಮೊದಲು’ ಅಂತ ಬರೆದ ಕಡೆ ನಾನು, ಸಪ್ಪೆ ಮುಖ, ಗಾಳಿಗೆ ಎದ್ದು ನಿಂತ ಕೂದಲು. ಆಮೇಲೆ ಗೌರಿಯ ಬಟ್ಟಲು: ಮೆಂತ್ಯ, ಮೊಸರು, ನಿಂಬೆರಸ. "ತಲೆ ತುಂಬ ಹಚ್ಚಿ ಎಳೆಬಿಸಿಲಲ್ಲಿ ಕೂತ್ಕಳಿ" ಅನ್ನುತ್ತಾಳೆ. ಕೊನೆಗೆ ‘ನಂತರ’. ನನ್ನ ನೀಲಿ ಸೀರೆ, ಅದರ ಬೆನ್ನ ಮೇಲೆ ಸೊಂಟದ ತನಕ ಹೊಳೆಯುವ ಕೂದಲು, ಹಿಂದಿನಿಂದ ತೆಗೆದದ್ದು. ಗೌರಿಯ ಮಗಳು! ಮೇಲೆ ಗೌರಿಯ ದನಿ: "ಇವ್ರು ನಮ್ಮಕ್ಕ. ಸೈನ್ಸ್ ಟೀಚರ್. ಅವ್ರೇ ಒಪ್ಕಂಡ ಮೇಲೆ ನಿಮಗೇನು ಅನುಮಾನ?"

ಹನೂರಿನಲ್ಲಿ ಇಳಿದವಳೇ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಅವಳು ಕಿಲಕಿಲ ನಕ್ಕಳು. "ಯಾರ್ಗೇನ್ ನಷ್ಟ ಬುಡಕ್ಕ? ಮೆಂತ್ಯ, ಮೊಸ್ರು. ನ್ಯಾಚುರಲ್ಲು!" ಆ ಮಾತು ಕೇಳಿದ ಮೇಲೆ ಅವಳ ಜೊತೆ ಮಾತು ಬಿಟ್ಟೆ.

ಅವಳ ಜೊತೆ ಬಿಟ್ಟರೆ ಆಯಿತೆ? ಊರು ಬಿಡಬೇಕಲ್ಲ. ತರಕಾರಿ ಅಂಗಡಿಯಲ್ಲಿ, ಬ್ಯಾಂಕಿನ ಸಾಲಿನಲ್ಲಿ, ನಾನು ಮದ್ದನ್ನು ಅರ್ಧಕ್ಕೆ ಬಿಟ್ಟು ಕೆಟ್ಟ ಹೆಂಗಸಾಗಿಬಿಟ್ಟೆ. ಮರುಕ ತೋರಿಸಿದವರೆಷ್ಟು, ಬುದ್ಧಿ ಹೇಳಿದವರೆಷ್ಟು! ನನ್ನ ಇಷ್ಟು ವರ್ಷದ ಒಣಕಲು ಕೂದಲು ಈಗ ನನ್ನ ಸೋಮಾರಿತನದ ಗುರುತಾಯಿತು.

ಅದನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ಸೆಲ್ವಿ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಬಂದಳು.

ಸೆಲ್ವಿ ನನ್ನ ಒಂಬತ್ತನೇ ಕ್ಲಾಸಿನ ಹುಡುಗಿ. ತಮಿಳುನಾಡಿನ ಗಡಿಯ ಹತ್ತಿರದ ಮಾರ್ಟಳ್ಳಿಯಿಂದ ದಿನಾ ಬಸ್ಸಿನಲ್ಲಿ ಹನೂರಿಗೆ ಬರುತ್ತಾಳೆ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಎರಡರಲ್ಲೂ ಮಾತು ಕಡಿಮೆ. ಕೂದಲು ನನ್ನ ಜಾತಿಯದೇ, ಗುಂಗುರು, ಒಣಕಲು. ಹುಡುಗರು ಏನೇನೋ ಅನ್ನುತ್ತಿದ್ದದ್ದು ನನಗೆ ಗೊತ್ತಿತ್ತು. ಅವತ್ತು ಡ್ರಿಲ್ ಮೇಷ್ಟ್ರು ಸ್ಕಾರ್ಫ್ ಬಿಚ್ಚು ಅಂತ ಗದರಿದಾಗ ಅವಳು ಅಳಲಿಲ್ಲ, ಬಿಚ್ಚಲೂ ಇಲ್ಲ. ನಾನು ಲ್ಯಾಬಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. ಅವಳೇ ಗಂಟು ಬಿಚ್ಚಿದಳು.

ಹಣೆಯ ಅಂಚು, ಕಿವಿಯ ಹಿಂಭಾಗ, ಕತ್ತು, ಎಲ್ಲ ಕಡೆ ಬೊಬ್ಬೆ. ಕೆಲವು ಒಡೆದು ಕೆಂಪಾಗಿದ್ದವು, ಕೆಲವು ಸುಟ್ಟ ಹಾಗೆ ಕಪ್ಪಾಗಿದ್ದವು.

"ಏನ್ ಹಚ್ಕಂಡೆ?"

"ನಿಂಬೆಹಣ್ಣು, ಮಿಸ್. ಬೇಗ ಆಗ್ಲಿ ಅಂತ ಜಾಸ್ತಿ ಹಿಂಡ್ದೆ. ಬಿಸ್ಲಲ್ಲಿ ಕೂತಿದ್ದೆ."

"ಯಾರು ಹೇಳಿದ್ದು?"

ಅವಳು ನೆಲ ನೋಡಿದಳು. "ನೀವೇ ಮಿಸ್."

ನಾನು ಸ್ಟೂಲು ಎಳೆದುಕೊಂಡು ಅವಳ ಪಕ್ಕ ಕೂತೆ.

"ಅಮ್ಮನ ಫೋನಲ್ಲಿ ಬಂದಿತ್ತು. ನಿಮ್ಮ ತಲೆ ಸರಿಹೋಯ್ತು ಅಂತ ತೋರ್ಸಿದ್ರು. ಸ್ಕೂಲಲ್ಲಿ ನೋಡಿದ್ರೆ ಅಂಗೇ ಅದೆ ಅನ್ನಿಸ್ತು. ಆದ್ರೆ..." ತಡೆದು ಹೇಳಿದಳು, "ಮಿಸ್ಸು ಸುಳ್ಳು ಹೇಳಲ್ಲ, ನಂಗೇ ಸರಿಯಾಗಿ ಕಾಣ್ತಿಲ್ಲ ಅನ್ಕಂಡೆ."

ಕಣ್ಣಾರೆ ಕಂಡದ್ದನ್ನು ನಂಬಿ ಅಂತ ನಾನು ಪ್ರತಿ ಜೂನಿನಲ್ಲೂ ಮೊದಲ ಪಾಠದಲ್ಲಿ ಹೇಳುತ್ತೇನೆ. ಈ ಮಗು ತನ್ನ ಕಣ್ಣನ್ನು ಬಿಟ್ಟು ನನ್ನನ್ನು ನಂಬಿತ್ತು.

ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ನೋಡಿದ ತಕ್ಷಣ, "ನಿಂಬೆರಸ ಹಚ್ಚಿ ಬಿಸಿಲಿಗೆ ಕೂತ್ರೆ ಚರ್ಮ ಸುಡುತ್ತೆ. ಗಾಯ ಮಾಯುತ್ತೆ, ಕಲೆ ಹೋಗೋಕೆ ತಿಂಗಳುಗಟ್ಟಲೆ ಬೇಕು. ಯಾವ ಪುಣ್ಯಾತ್ಮರು ಹೇಳಿದ್ದು ಇವಳಿಗೆ?" ಅಂದರು. ಸೆಲ್ವಿ ನನ್ನ ಕಡೆ ನೋಡಿದಳು. ಹೆಸರು ಹೇಳಲಿಲ್ಲ. ಹೇಳಿದ್ದರೇ ವಾಸಿಯಿತ್ತು. ಮುಲಾಮು ಬರೆದುಕೊಟ್ಟು ಡಾಕ್ಟರಮ್ಮ ಕೊನೆಗೆ ನನ್ನ ತಲೆ ನೋಡಿದರು. "ನೀವೂ ಏನಾದ್ರೂ ಹಚ್ಕೋತಿದ್ದೀರಾ?"

ಅವತ್ತು ಸಂಜೆ ಮನೆಗೆ ಹೋಗಲಿಲ್ಲ. ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿ ನೇರ ಯಳಂದೂರಿಗೆ ಹೋದೆ.

ಗೌರಿ ದಾಸವಾಳದ ಸೊಪ್ಪು ರುಬ್ಬುತ್ತಿದ್ದಳು. ಫೋನು ಸ್ಟ್ಯಾಂಡಿಗೆ ಸಿಕ್ಕಿಸಿತ್ತು. ನನ್ನನ್ನು ಕಂಡು, "ಬಂದ್ಯಾ! ಕ್ವಾಪ ಇಳೀತಾ?" ಅಂದಳು. ನಾನು ಕೈಕಾಲು ತೊಳೆಯಲು ಬಚ್ಚಲಿಗೆ ಹೋದೆ. ಅಲ್ಲಿ ಮೊಳೆಗೆ ಶ್ಯಾಂಪೂ ಪೊಟ್ಟಣದ ಸರ, ತೋರಣ ಕಟ್ಟಿದ ಹಾಗೆ ಉದ್ದಕ್ಕೆ ನೇತುಬಿದ್ದಿತ್ತು. ಕಿತ್ತುಕೊಂಡು ಬಂದು ಅವಳ ದಾಸವಾಳದ ಬಟ್ಟಲ ಪಕ್ಕ ಇಟ್ಟೆ.

"ಇದ್ಯಾವ ಗಿಡದ್ದೇ ಗೌರಿ?"

ಅವಳ ಮುಖ ಕೆಂಪಾಯಿತು. "ನಂಗೆ ಟೈಮ್ ಎಲ್ಲದೆ ಅಕ್ಕ, ಅದ್ನೆಲ್ಲಾ ಹಚ್ಕಂಡು ಕೂರಕ್ಕೆ?"

"ಊರವ್ರಿಗೆ ಟೈಮ್ ಅದಾ?"

"ನಾನೇನ್ ಇಸ ಕೊಟ್ನಾ?" ಅಂತ ಅವಳೂ ದನಿ ಏರಿಸಿದಳು. "ನೀನು ಟೀಚರು, ದಿನಾ ನೂರು ಮಕ್ಳು ನಮಸ್ತೆ ಮಿಸ್ ಅಂತವೆ. ನಂಗ್ಯಾರ್ ಅಂತಾರೆ? ಬೆಳಗ್ಗಿಂದ ಸಂಜೆಗಂಟ ಈ ಮನೇಲಿ ನನ್ನ ಒಂದು ಮಾತು ಕೇಳೋರಿಲ್ಲ. ಅಲ್ಲಿ ‘ಅಕ್ಕಾ ಯೋಳಿ, ಅಕ್ಕಾ ಯೋಳಿ’ ಅಂತಾರೆ. ಅದೂ ನಿನ್ ಕಣ್ಣು ಕುಕ್ತದಾ?"

ನನ್ನ ಫೋನು ತೆಗೆದು, ಆಸ್ಪತ್ರೆಯಲ್ಲಿ ತೆಗೆದುಕೊಂಡಿದ್ದ ಸೆಲ್ವಿಯ ಕತ್ತಿನ ಫೋಟೋವನ್ನು ಅವಳ ಮುಂದೆ ಇಟ್ಟೆ. ಯಾರು, ಏನು, ಎಲ್ಲ ಹೇಳಿದೆ.

ಗೌರಿ ಬಗ್ಗಿ ನೋಡಿದಳು. "ನಾನು ಅರ್ಧ ಹೋಳು ಅಂದಿದ್ದೆ ಕಣಕ್ಕ."

"ಬಿಸ್ಲಲ್ಲಿ ಕೂತ್ಕಳಿ ಅಂದಿದ್ದೂ ನೀನೇಯ."

ಅವಳು ಕೈ ಒರೆಸಿಕೊಂಡು ಫೋನನ್ನು ಸ್ಟ್ಯಾಂಡಿನಿಂದ ತೆಗೆದಳು. ಆ ವಿಡಿಯೋವನ್ನು ನನ್ನ ಎದುರಿಗೇ ಅಳಿಸಿದಳು. ಆಮೇಲೆ ತಲೆ ಎತ್ತದೆ ಕೇಳಿದಳು: "ಆ ಮಗೀನ ಮನೆ ಎಲ್ಲದೆ?"

ಭಾನುವಾರ ಇಬ್ಬರೂ ಮಾರ್ಟಳ್ಳಿಗೆ ಹೊರಟೆವು. ದಾರಿಯುದ್ದಕ್ಕೂ ಗೌರಿ, ಯಾರಾದರೂ ಗುರುತು ಹಿಡಿದಾರು ಅಂತ ಸೆರಗು ಹೊದ್ದು ಕೂತಿದ್ದಳು. "ಬೈದ್ರೆ ಬೈಸ್ಕತೀನಿ. ನೀನು ಮಧ್ಯೆ ಬಾಯಾಕ್ಬ್ಯಾಡ" ಅಂದಳು. ಬೈಸಿಕೊಳ್ಳಲಿ, ಚೆನ್ನಾಗಿ ಬೈಸಿಕೊಳ್ಳಲಿ ಅಂತಲೇ ನಾನೂ ಇದ್ದೆ.

ಸೆಲ್ವಿಯ ತಾಯಿ ಬಾಗಿಲು ತೆಗೆದು ಗೌರಿಯ ಮುಖ ನೋಡಿದಳು. ಆಮೇಲೆ, "ಅಯ್ಯೋ! ನೀವಾ!" ಅಂತ ಕೂಗಿ ಎರಡೂ ಕೈ ಹಿಡಿದು ಒಳಗೆ ಎಳೆದುಕೊಂಡಳು. ಚಾಪೆ ಹಾಸಿದಳು. ಬೀದಿಯ ಕಡೆ ತಿರುಗಿ ತಮಿಳಿನಲ್ಲಿ ಏನೋ ಕೂಗಿದಳು. ನಾವು ನೀರು ಕುಡಿದು ಲೋಟ ಇಡುವಷ್ಟರಲ್ಲಿ ಹಜಾರದ ತುಂಬ ಹೆಂಗಸರು. ಒಬ್ಬಳಿಗೆ ಹೊಟ್ಟು, ಒಬ್ಬಳಿಗೆ ಉದುರುವುದು, ಒಬ್ಬಳಿಗೆ ತುದಿ ಸೀಳುವುದು. ಗಂಟು ಬಿಚ್ಚಿ, ತಲೆ ಬಗ್ಗಿಸಿ, ಗೌರಿಯ ಮುಂದೆ ಸಾಲಾಗಿ ಕೂತರು. ಬೈಗುಳಕ್ಕೆ ಸಿದ್ಧವಾಗಿ ಬಂದಿದ್ದ ಗೌರಿ ಈ ಭಕ್ತಿಗೆ ಬೆಚ್ಚಿಬಿದ್ದಳು. ನನಗೋ ಹಣೆ ಚಚ್ಚಿಕೊಳ್ಳುವ ಹಾಗಾಯಿತು. ಮಗಳ ಕತ್ತು ಸುಟ್ಟಿದ್ದರೂ ತಾಯಿಗೆ ಕೋಪ ಮದ್ದಿನ ಮೇಲಲ್ಲ! "ಇವ್ಳೇ ಸರ್ಯಾಗಿ ಆಕ್ಕಂಡಿಲ್ಲ ಅಕ್ಕಾ. ನೀವೇ ಒಂದ್ಸಲ ತೋರ್ಸ್ಕೊಡಿ" ಅನ್ನುತ್ತಿದ್ದಾಳೆ.

ಸೆಲ್ವಿ ಮೂಲೆಯಲ್ಲಿ ಸ್ಕಾರ್ಫ್ ಕಟ್ಟಿಕೊಂಡು ನಿಂತಿದ್ದಳು. ಗೌರಿ ಎದ್ದು ಅವಳ ಹತ್ತಿರ ಹೋದಳು. "ಬಿಚ್ಲಾ ಮಗಾ?" ಅಂತ ಕೇಳಿದಳು. ಹುಡುಗಿ ತಲೆಯಾಡಿಸಿದಳು. ಗೌರಿ ಮೆಲ್ಲಗೆ ಗಂಟು ಬಿಚ್ಚಿ, ಕೂದಲು ಪಕ್ಕಕ್ಕೆ ಸರಿಸಿ, ಕತ್ತು ನೋಡಿದಳು.

"ಇವ್ಳದೇನೂ ತಪ್ಪಿಲ್ಲ" ಅಂದಳು, ಹಜಾರಕ್ಕೆಲ್ಲ ಕೇಳುವಂತೆ. "ತಪ್ಪು ನಂದು. ನಂಗೆ ಏನೂ ಗೊತ್ತಿಲ್ದೆ ಯೋಳ್ಬುಟ್ಟೆ. ನಮ್ಮಕ್ಕನ ತಲೆ ಯಾವತ್ತೂ ಸರಿಹೋಗಿಲ್ಲ, ಇಲ್ನೋಡಿ, ಇಂಗೇ ಅದೆ. ನೀವು ನೋಡಿದ್ದು ನನ್ ಮಗಳ ಕೂದ್ಲು. ಯಾರೂ ಏನೂ ಹಚ್ಕಬ್ಯಾಡಿ ಕಣ್ರವ್ವ. ಏನೂ ಬ್ಯಾಡ."

ಎಲ್ಲರೂ ನನ್ನ ತಲೆಯನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದರು. ಅವಳನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಇಷ್ಟು ಜನರ ಮುಂದೆ ಹೀಗೆ ನಿಂತದ್ದನ್ನು ನೋಡಿರಲಿಲ್ಲ. ಸದ್ಯ, ಇವರಿಗೆ ಅರ್ಥವಾಯಿತು ಅಂದುಕೊಂಡೆ.

ಮುಂದಿನ ಸಾಲಿನಲ್ಲಿ ಸೆಲ್ವಿಯ ಪಾಟಿ ಕೂತಿದ್ದಳು. ಆ ಕಡೆ ಅಜ್ಜಿಯನ್ನು ಹಾಗೇ ಕರೆಯುತ್ತಾರೆ. ಮುದುಕಿ ತನ್ನ ಬಿಳಿಯ ಗಂಟನ್ನು ಬಿಚ್ಚಿ ಹರವಿಕೊಂಡು, ಬಹಳ ಶ್ರದ್ಧೆಯಿಂದ ಕೇಳುತ್ತಿದ್ದವಳು, ಈಗ ಮುಂದಕ್ಕೆ ಬಗ್ಗಿ ಗೌರಿಯ ಸೆರಗು ಹಿಡಿದಳು.

"ಏನೂ ಅಚ್ಬಾರ್ದು ಅಂದ್ರಲ್ಲ ತಾಯಿ," ಅಂದಳು, "ಅದನ್ನ ವಾರಕ್ಕೆ ಎಷ್ಟು ಸಲ ಮಾಡ್ಬೇಕು?"

ಗೌರಿ ನನ್ನ ಕಡೆ ತಿರುಗಿದಳು. ಹೆಂಗಸರೆಲ್ಲ ಉತ್ತರಕ್ಕೆ ಕಿವಿಗೊಟ್ಟು ಕೂತಿದ್ದರು.

ಮೊದಲು ನಕ್ಕದ್ದು ಸೆಲ್ವಿ. ಎರಡು ವರ್ಷದಿಂದ ಕ್ಲಾಸಿನಲ್ಲಿ ಅವಳ ದನಿಯನ್ನೇ ಸರಿಯಾಗಿ ಕೇಳಿರದ ನಾನು, ಅವಳು ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಗುವುದನ್ನು ನೋಡುತ್ತ ಕೂತೆ. ಸ್ಕಾರ್ಫ್ ಗೌರಿಯ ಕೈಯಲ್ಲೇ ಇತ್ತು. ಅದನ್ನು ಅವಳು ವಾಪಸ್ಸು ಕೇಳಲಿಲ್ಲ.